ಕಾಡಿನ ಮನೆಗೆ ಗಾಜಿಗಿಂತ ಜಗಲಿ ಮುಖ್ಯ

ಮಲೆನಾಡಿನಲ್ಲಿ ಈಗ ಹೊಸ ಮನೆ ಕಟ್ಟಿಸುವ ಅನೇಕರು ಮೊದಲು ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸುತ್ತಾರೆ. ಸುತ್ತ ಕಾಡು, ನಡುವೆ ನೆಲದಿಂದ ಸೂರಿನವರೆಗೆ ಗಾಜಿನ ಗೋಡೆ, ಮೇಲೆ ಚಪ್ಪಟೆ ತಾರಸಿ. 'ಪ್ರಕೃತಿಯ ಜೊತೆ ಬದುಕುವ ಮನೆ' ಅಂತ ಹೆಸರು ಬೇರೆ. ನಮ್ಮ ಪ್ರಶ್ನೆ ಇಷ್ಟೆ: ಆ ಫೋಟೊದ ಊರಿನಲ್ಲಿ ನಮ್ಮ ಮಳೆ ಸುರಿಯುತ್ತದೆಯೇ?

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಇಂಥ ಕಡೆ ಚಪ್ಪಟೆ ತಾರಸಿ ಸೋರಲು ಹೆಚ್ಚು ಕಾಲ ಬೇಡ. ಆಮೇಲೆ ಅದರ ಮೇಲೊಂದು ಶೀಟಿನ ಮಾಡು. ಒಂದು ಮನೆಗೆ ಎರಡು ಮಾಡಿನ ಸಾಲ! ಗಾಜಿನ ಗೋಡೆಯದೂ ಇದೇ ಕಥೆ. ಪಶ್ಚಿಮದ ಬಿಸಿಲು ಒಳಗೆ ಬಂದರೆ ಬಿಸಿ ಹೊರಗೆ ಹೋಗುವುದಿಲ್ಲ. ಕಾಡು ಕಣ್ಣಿಗೆ ಕಾಣುತ್ತದೆ, ಕಾಡಿನ ಗಾಳಿ ಮಾತ್ರ ಒಳಗೆ ಬರುವುದಿಲ್ಲ. ಗಾಜಿನಲ್ಲಿ ಮರದ ನೆರಳು ಕಂಡು ಹಕ್ಕಿಗಳು ಬಡಿದುಕೊಂಡು ಸಾಯುತ್ತವೆ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಇಳಿಜಾರು ಹೆಂಚಿನ ಮಾಡು. ಮಳೆ, ಬೆಳಕು, ಗಾಳಿ ಮೂರೂ ಮನೆಯ ನಡುವಿಗೇ ಬರುತ್ತವೆ. ಆದರೆ ಜಗಲಿಯಲ್ಲಿ ಕೂತವರು ನೆನೆಯುವುದಿಲ್ಲ. ಒಳಗನ್ನೂ ಹೊರಗನ್ನೂ ಸೇರಿಸುವುದು ಅಂದರೆ ಇದು.

ಹಾಗಂತ ಹಳೆಯದೆಲ್ಲ ಚೆನ್ನ ಎನ್ನುವವರು ನಾವಲ್ಲ. ಅನೇಕ ಹಳೇ ಮನೆಗಳ ಅಡುಗೆಕೋಣೆ ಕತ್ತಲೆಯ ಗೂಡು. ಹೊಗೆ ಕುಡಿದವರು ಹೆಂಗಸರು. ಜಗಲಿಯ ತಂಪು ಗಂಡಸರಿಗೆ ಸಿಕ್ಕಿತು. ಹೊಸ ಮನೆಯಲ್ಲಿ ಮೊದಲು ಬದಲಾಗಬೇಕಾದ್ದು ಅಡುಗೆಕೋಣೆ: ಎರಡು ಕಡೆ ಕಿಟಕಿ, ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು, ತೋಟ ಕಾಣುವ ಹಿಂಜಗಲಿ.

ಖರ್ಚಿನ ಮಾತಿಗೆ ಲಾರಿ ಬೇಕರ್ ಉತ್ತರ ಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ಈ ವಾಸ್ತುಶಿಲ್ಪಿ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಇದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳು ಬಿಸಿಯನ್ನು ತಡೆಯುತ್ತದೆ. ಗಾಜಿನ ಬದಲು ಇಟ್ಟಿಗೆಯ ಜಾಲಿ ಇಟ್ಟರು. ನಮ್ಮ ಮೇಸ್ತ್ರಿಗಳಿಗೆ ಇದು ಕಲಿಯಲಾಗದ ವಿದ್ಯೆಯೇನಲ್ಲ.

ಎಲ್ಲಕ್ಕಿಂತ ಮುಖ್ಯ ಜಾಗ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ಯಾರೂ ಮರೆತಿಲ್ಲ. ಜೆಸಿಬಿ ತಂದು ಇಳಿಜಾರು ಕಡಿದು, ಬೇರು ಕಿತ್ತು, ನೀರಿನ ದಾರಿ ಮುಚ್ಚಿ ಕಟ್ಟಿದ ಮನೆಗೆ ಎಷ್ಟು ಗಾಜು ಹಾಕಿದರೂ ಅದು ಪ್ರಕೃತಿಯ ಮನೆ ಆಗದು.

ಆದ್ದರಿಂದ ಪ್ಲಾನಿಗೆ ಒಪ್ಪುವ ಮುಂಚೆ ಎಂಜಿನಿಯರ್‌ಗೆ ಮೂರು ಪ್ರಶ್ನೆ ಕೇಳಿ. ಮಳೆನೀರು ಎಲ್ಲಿಗೆ ಹೋಗುತ್ತದೆ? ಜಡಿಮಳೆಯಲ್ಲೂ ತೆರೆದಿಡಬಹುದಾದ ಕಿಟಕಿ ಎಷ್ಟು? ಎಷ್ಟು ಮರ ಉಳಿಯುತ್ತವೆ? ಉತ್ತರ ಸಿಗದಿದ್ದರೆ ಪ್ಲಾನ್ ಬದಲಿಸಿ. ಸಾಲ ತೀರಿಸುವವರು ನೀವು, ಫೋಟೊ ಹಾಕಿದವರಲ್ಲ.