ಕೂಗಿಗೆ ಓಗೊಡದ ಕಾವಲುಗಾರ

ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಹಂದಿಯ ಕಾಟ ತಡೆಯಲು ಗದ್ದೆಯಂಚಿನಲ್ಲಿ ಮಾಳ ಕಟ್ಟಿ ರಾತ್ರಿಯಿಡೀ ಕಾಯುವ ರೂಢಿ ಮಲೆನಾಡಿಗೆ ಹೊಸತಲ್ಲ. ಈ ಮಾಳದವನು ಒಮ್ಮೆ ‘ಕೂ’ ಎಂದರೆ ಆಚೆಯ ಮಾಳದವನು ಮರಳಿ ‘ಕೂ’ ಎನ್ನಬೇಕು. ಆ ಕೂಗು ಹಂದಿಯನ್ನು ಬೆದರಿಸುವುದಕ್ಕೆ ಮಾತ್ರವಲ್ಲ. ಕಾಯುವವನು ಎಚ್ಚರವಾಗಿದ್ದಾನೆಂಬುದಕ್ಕೂ ಅದೇ ಸಾಕ್ಷಿ. ಎರಡು ಸಲ ಕೂಗಿದರೂ ಓಗೊಡದಿದ್ದರೆ ನೆರೆಯವನು ಸೂಡಿ ಹಿಡಿದು ಹೋಗಿ ಅವನನ್ನು ಅಲುಗಿಸಿ ಎಬ್ಬಿಸಬೇಕು. ಈ ವಾರ ವಾಚಕರ ಮುಂದಿಡುತ್ತಿರುವುದು ಅಂಥ ನೆರೆಯವನೊಬ್ಬನ ಸಂಗತಿಯೇ. ಅವನ ಮೈ ಮಾತ್ರ ಹೆಬ್ಬೆರಳಿನುದ್ದದ ಒಂದು ವಿದ್ಯುನ್ಮಂಡಲ. ಯಂತ್ರಜ್ಞರು ಅವನನ್ನು ‘ವಾಚ್‌ಡಾಗ್ ಟೈಮರ್’ ಎನ್ನುತ್ತಾರೆ. ನಾನು ಕಾವಲುನಾಯಿ ಎನ್ನುತ್ತೇನೆ.

ಮಳೆಯ ಲೆಕ್ಕವೆಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಬರಿಯ ಕುತೂಹಲದ ಮಾತಲ್ಲ. ಶೃಂಗೇರಿಯ ಘಟ್ಟದಂಚಿನಲ್ಲಿ ಧೋ ಎಂದು ಸುರಿಯುತ್ತಿರುವ ಹೊತ್ತಿನಲ್ಲೇ ಭದ್ರೆಯ ಹಿನ್ನೀರಿನ ಕಡೆ ಬಿಸಿಲು ಇಣುಕುವುದುಂಟು. ಒಂದೇ ಊರಿನ ಎರಡು ಗುಡ್ಡಗಳಿಗೂ ಒಂದೇ ಮಳೆಯಲ್ಲ. ಅಡಕೆಯ ಕೊಳೆರೋಗದ ಬೆನ್ನುಹತ್ತಿ ೧೯೧೦ರಲ್ಲಿ ಅದರ ವಿಚಾರವಾಗಿ ಗ್ರಂಥ ಬರೆದ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಿಂದಲೂ ಬೋರ್ಡೋ ದ್ರಾವಣವೇ ಬೆಳೆಗಾರರ ದಿಕ್ಕು: ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರಿಗೆ ಮೊದಲೊಮ್ಮೆ, ೪೦–೪೫ ದಿನಗಳ ಮೇಲೆ ಇನ್ನೊಮ್ಮೆ ಸಿಂಪಡಿಸಬೇಕು. ಆ ಎರಡನೆಯದನ್ನು ಎಂದು ಮಾಡಬೇಕೆಂಬುದನ್ನು ಮಳೆಯೇ ನಿರ್ಣಯಿಸುತ್ತದೆ. ಇದರ ಮೇಲೆ ಹವಾಮಾನ ಆಧಾರಿತ ಬೆಳೆವಿಮೆ ಬೇರೆ. ಅಲ್ಲಿ ಉದುರಿದ ಕಾಯನ್ನು ಯಾರೂ ಎಣಿಸುವುದಿಲ್ಲ. ಮಾಪಕದಲ್ಲಿ ದಾಖಲಾದ ಮಳೆಯನ್ನೇ ಎಣಿಸುತ್ತಾರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟಕ್ಕೂ ದೂರಸಂದೇಶದ ಮಳೆಮಾಪಕಗಳನ್ನು ಇರಿಸಿರುವುದು ದೊಡ್ಡ ಉಪಕಾರವೇ ಸರಿ. ಆದರೂ ತನ್ನ ತೋಟದ ಮಳೆ ತನಗೆ ಗೊತ್ತಿರಬೇಕೆಂಬ ಆಸೆ ಬೆಳೆಗಾರನಿಗೆ ಸಹಜವಷ್ಟೆ.

ಕೊಪ್ಪಕ್ಕೂ ಶೃಂಗೇರಿಗೂ ನಡುವಣ ಹಳ್ಳಿಯಲ್ಲಿ ತೋಟವುಳ್ಳ ಮಿತ್ರರೊಬ್ಬರ ಇಂಥ ಆಸೆಗೆ ಓಗೊಟ್ಟು ನಾನೊಂದು ಮಾಪಕ ಮಾಡಿಕೊಟ್ಟೆ. ಇಪ್ಪತ್ತು ಸೆಂಟಿಮೀಟರು ಬಾಯಿಯ ಆಲಿಕೆ. ಅದರ ಕೆಳಗೆ ತೊಟ್ಟಿಲಂತೆ ಮಗುಚುವ ಜೋಡಿ ಬಟ್ಟಲು. ಅರ್ಧ ಮಿಲಿಮೀಟರು ಮಳೆ ಬಿದ್ದಾಗ ಸುಮಾರು ೧೬ ಮಿಲಿಲೀಟರು ನೀರು ಕೂಡಿ ಬಟ್ಟಲು ಮಗುಚಿಕೊಳ್ಳುತ್ತದೆ. ಅದಕ್ಕಂಟಿಸಿದ ಅಯಸ್ಕಾಂತ ಸನಿಹದ ಸ್ವಿಚ್ಚನ್ನು ಒಮ್ಮೆ ಮಿಟುಕಿಸುತ್ತದೆ. ಆ ಮಿಟುಕುಗಳನ್ನು ಎಣಿಸುವುದು ಆಟ್‌ಮೆಗಾ ೩೨೮ಪಿ ಎಂಬ ಮೈಕ್ರೊಕಂಟ್ರೋಲರು. ಕಾಲು ಗಂಟೆಗೊಮ್ಮೆ ಅದು ನಿದ್ದೆಯಿಂದೆದ್ದು ಮೋಡೆಮಿನ ಮೂಲಕ ಯಜಮಾನರ ದೂರವಾಣಿಗೆ ಲೆಕ್ಕ ಕಳುಹಿಸಿ ಮತ್ತೆ ಮಲಗಬೇಕು. ೨೬೦೦ ಮಿಲಿಆಂಪ್-ಗಂಟೆಯ ಒಂದೇ ಬ್ಯಾಟರಿ ವರ್ಷದ ಹತ್ತಿರ ಬಾಳಬೇಕೆಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಕಾಗದಕ್ಕೇನು, ಅದು ಮಳೆಯಲ್ಲಿ ನೆನೆಯುವುದಿಲ್ಲ!

ಪುನರ್ವಸು ಮಳೆಯ ನಡುವೆ ಲೆಕ್ಕ ಬರುವುದು ನಿಂತಿತು. ಎಂಟು ದಿನಗಳ ಮೇಲೆ ಯಜಮಾನರ ಕರೆ ಬಂತು: “ನಿಮ್ಮ ಯಂತ್ರ ಸತ್ತಿದೆ ಮಾರಾಯ್ರೆ. ಮಳೆಯೇ ಇಲ್ಲವೆಂದು ಹೇಳುತ್ತಿದೆಯೋ, ಮಾತೇ ಬಾರದಾಗಿದೆಯೋ ಅದೂ ತಿಳಿಯುವುದಿಲ್ಲ.” ಮಾತು ನಾಟಿತು. ಉಂಬಳಗಳನ್ನು ಕಾಲಿನಿಂದ ಕಿತ್ತೊಗೆಯುತ್ತ ತೋಟಕ್ಕಿಳಿದು ನೋಡಿದರೆ ಬ್ಯಾಟರಿ ಪೂರ್ತಿ ಬರಿದಾಗಿತ್ತು. ಕಾರಣ ಹುಡುಕಲು ಎರಡು ರಾತ್ರಿ ಹಿಡಿಯಿತು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ, ಗುಡ್ಡದ ಮೇಲಿನ ಗೋಪುರವೂ ಮೂಕವಾಗುವುದು ಅಲ್ಲಿ ನಿತ್ಯದ ಸಂಗತಿ. ನನ್ನ ಪ್ರೋಗ್ರಾಮು ಮೋಡೆಮನ್ನು ‘ಸಿಕ್ಕಿತೇ?’ ಎಂದು ಕೇಳಿ ಉತ್ತರಕ್ಕಾಗಿ ಕಾಯುತ್ತಿತ್ತು; ಎಷ್ಟು ಹೊತ್ತು ಕಾಯಬೇಕೆಂದು ನಾನು ಅದಕ್ಕೆ ಹೇಳಿರಲಿಲ್ಲ. ಕಾಯುತ್ತಲೇ ಕುಳಿತ ಯಂತ್ರ ೨೦ ಮಿಲಿಆಂಪಿನಂತೆ ಬ್ಯಾಟರಿಯನ್ನು ಹೀರುತ್ತ ೧೩೦ ಗಂಟೆಗಳಲ್ಲಿ, ಎಂದರೆ ಐದೂವರೆ ದಿನಗಳಲ್ಲಿ, ಕಣ್ಣು ಮುಚ್ಚಿತು. ಯಜಮಾನರು ಎರಡನೆಯ ಔಷಧಿಯನ್ನು ಅಂದಾಜಿನ ಮೇಲೆಯೇ ಹೊಡೆಸಬೇಕಾಯಿತು.

ಮೈಕ್ರೊಕಂಟ್ರೋಲರಿನ ಒಡಲಲ್ಲೇ ಒಂದು ಕಾವಲುನಾಯಿ ಉಂಟು. ಅದನ್ನೇಕೆ ಬಳಸಲಿಲ್ಲವೆಂದು ಬಲ್ಲವರು ಕೇಳಬಹುದು. ಈ ಜಾತಿಯಲ್ಲಿ ಅದರ ತಾಳ್ಮೆ ಹೆಚ್ಚೆಂದರೆ ೮ ಸೆಕೆಂಡು. ಕಾಲು ಗಂಟೆ ಮಲಗುವ ಯಂತ್ರ ಅದನ್ನು ಸಮಾಧಾನಪಡಿಸಲೆಂದೇ ಮತ್ತೆ ಮತ್ತೆ ಏಳಬೇಕು. ಅಲ್ಲದೆ ಅದು ಮೈಕ್ರೊಕಂಟ್ರೋಲರನ್ನು ಎಬ್ಬಿಸೀತೇ ಹೊರತು ಕಲ್ಲಾಗಿ ಕುಳಿತ ಮೋಡೆಮಿನ ಗೊಡವೆಗೆ ಹೋಗದು. ನನಗೆ ಬೇಕಾದುದು ಮನೆಯ ಹೊರಗೆ ಮಲಗಿ, ಅಗತ್ಯಬಿದ್ದರೆ ಇಡೀ ಮನೆಯ ವಿದ್ಯುತ್ತನ್ನೇ ಕಡಿಯಬಲ್ಲ ನಾಯಿ.

ಅದಕ್ಕೆ ಸಿಡಿ ೪೦೬೦ ಎಂಬ ಹಳೆಯ ಎಣಿಕೆಯ ಚಿಪ್ಪು ಸಾಕಾಯಿತು. ಒಂದು ಮೆಗಓಮಿನ ರೆಸಿಸ್ಟರು, ೦.೧ ಮೈಕ್ರೊಫ್ಯಾರಡಿನ ಕೆಪ್ಯಾಸಿಟರು ಕೊಟ್ಟರೆ ಅದು ಸುಮಾರು ೦.೨೩ ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ೮೧೯೨ ಮಿಡಿತಗಳಾದಾಗ, ಎಂದರೆ ೩೧ ನಿಮಿಷಗಳ ಮೇಲೆ, ಅದರ ಹದಿನಾಲ್ಕನೆಯ ಘಟ್ಟ ತಲೆಯೆತ್ತುತ್ತದೆ. ಆ ಕಾಲನ್ನು ಬ್ಯಾಟರಿಯ ಹಾದಿಯಲ್ಲಿರುವ ಒಂದು ಪಿ-ಮಾಸ್ಫೆಟ್ಟಿಗೆ ಕಟ್ಟಿದೆ: ತಲೆ ತಗ್ಗಿದ್ದರೆ ವಿದ್ಯುತ್ತು ಹರಿಯುತ್ತದೆ, ಎತ್ತಿದರೆ ಮೈಕ್ರೊಕಂಟ್ರೋಲರು ಮೋಡೆಮುಗಳೆರಡಕ್ಕೂ ಕತ್ತಲೆ. ಪ್ರತಿ ಕಾಲು ಗಂಟೆಗೆ ಕೆಲಸ ಮುಗಿಸಿದ ಯಂತ್ರ ಒಂದು ‘ಕೂ’ ಹಾಕಿ ಎಣಿಕೆಯನ್ನು ಸೊನ್ನೆಗಿಳಿಸಬೇಕು. ಎರಡು ಕೂಗು ತಪ್ಪಿತೋ, ಕಡಿತ. ಕಡಿದ ಮೇಲೆ ಬಿಡುವುದು ಹೇಗೆ? ಸುಮ್ಮನಿದ್ದರೆ ಇನ್ನೂ ೩೧ ನಿಮಿಷ ಕತ್ತಲೆಯೇ. ಆದುದರಿಂದ ಹದಿನಾಲ್ಕನೆಯ ಘಟ್ಟದಿಂದಲೇ ಒಂದು ರೆಸಿಸ್ಟರಿನ ಮೂಲಕ ಚಿಪ್ಪಿನ ಸೊನ್ನೆಗೊಳಿಸುವ ಕಾಲಿಗೆ ದಾರಿ ಮಾಡಿ, ಏಳನೆಯ ಘಟ್ಟ ಏಳುವ ತನಕ ಆ ದಾರಿಯನ್ನು ಅದುಮಿಡುವಂತೆ ಒಂದು ಡಯೋಡು ಹಾಕಿದೆ. ೬೪ ಮಿಡಿತಗಳು, ಹದಿನೈದು ಸೆಕೆಂಡು ಕಳೆದೊಡನೆ ನಾಯಿ ತಾನಾಗಿ ಹಲ್ಲು ಸಡಿಲಿಸುತ್ತದೆ. ಗಂಟೆಗೆ ೬೦ ಮಿಲಿಮೀಟರಿನ ಜಡಿಮಳೆಯಿದ್ದರೂ ಅಷ್ಟರಲ್ಲಿ ತಪ್ಪಿಹೋಗುವುದು ಕಾಲು ಮಿಲಿಮೀಟರು. ಮಾಮೂಲು ದಿನಗಳಲ್ಲಿ ಈ ರೆಸಿಸ್ಟರು ಡಯೋಡುಗಳ ಹಾದಿಯಲ್ಲಿ ಬ್ಯಾಟರಿಗೆ ಖರ್ಚೂ ಇಲ್ಲ.

ಇಷ್ಟು ಬರೆದಾಗ ಸುಲಭವೆನಿಸುತ್ತದೆ. ಮೊದಲ ನಾಯಿ ಮೂರೇ ದಿನಗಳಲ್ಲಿ ನನ್ನ ಮಾನ ಕಳೆಯಿತು. ಕೂಗುವ ತಂತಿಯನ್ನು ನೇರವಾಗಿ ಕಟ್ಟಿದ್ದೆ. ಯಂತ್ರವು ಕೂಗಿನ ನಡುವೆಯೇ, ತಂತಿ ಮೇಲಿರುವಾಗಲೇ ಸ್ತಬ್ಧವಾಯಿತು. ನಾಯಿ ಸದಾ ಸೊನ್ನೆಯಲ್ಲೇ ನಿಂತಿತು. ಸತ್ತವನು ಅದರ ಕೊರಳಪಟ್ಟಿ ಹಿಡಿದೇ ಸತ್ತಿದ್ದ! ನಡುವೆ ಒಂದು ಸಣ್ಣ ಕೆಪ್ಯಾಸಿಟರು ಹಾಕಿದ ಮೇಲೆ ತಂತಿ ಏರುವ ಗಳಿಗೆಗೆ ಮಾತ್ರ ಕೂಗು ಎಂಬ ಬೆಲೆ ಬಂತು; ಏರಿಯೇ ನಿಂತರೆ ಅದು ಮೌನಕ್ಕೆ ಸಮ.

ಎಲ್ಲಿ ಕೂಗಬೇಕೆಂಬುದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಬಟ್ಟಲು ಮಗುಚಿದಾಗಲೆಲ್ಲ ಕೂಗುವಂತೆ ಮಾಡಬೇಕೆಂದು ಮೊದಲು ಹೊಳೆದಿತ್ತು. ಹಾಗೆ ಮಾಡಿದ್ದರೆ ಮುಖ್ಯ ಕೆಲಸ ನಿಂತುಹೋಗಿದ್ದರೂ ಮಳೆ ಸುರಿಯುತ್ತಿರುವಷ್ಟು ಹೊತ್ತೂ ನಾಯಿ ಸುಮ್ಮನಿರುತ್ತಿತ್ತು. ನಿದ್ದೆಗಣ್ಣಿನಲ್ಲೇ ‘ಕೂ’ ಎನ್ನುವ ಕಾವಲುಗಾರನ ಕಥೆ. ಈಗ ಲೆಕ್ಕವು ಅಳಿಯದ ಸ್ಮೃತಿಯಲ್ಲಿ ಸೇರಿ, ಮೋಡೆಮು ಏನಾದರೊಂದು ಉತ್ತರ ಕೊಟ್ಟ ಮೇಲೆಯೇ ಕೂಗು. ‘ಗೋಪುರ ಸಿಗಲಿಲ್ಲ’ ಎಂಬುದೂ ಉತ್ತರವೇ. ವಿದ್ಯುತ್ತು ಹೋದ ತಪ್ಪಿಗೆ ಯಂತ್ರವನ್ನೇಕೆ ಕಡಿಯಬೇಕು?

ಮಲೆನಾಡಿನ ಥಂಡಿಯದು ಬೇರೆಯೇ ಪಾಠ. ಮೇಜಿನ ಮೇಲೆ ೩೧ ನಿಮಿಷವಿದ್ದ ತಾಳ್ಮೆ ತೋಟದಲ್ಲಿ ೨೬ಕ್ಕೆ ಇಳಿದಿತ್ತು. ಮೆಗಓಮಿನಷ್ಟು ದೊಡ್ಡ ರೆಸಿಸ್ಟರಿಗೆ ಹಲಗೆಯ ಮೇಲಿನ ತೇವವೇ ಅಡ್ಡದಾರಿಯಾಗುತ್ತದೆ. ಹಲಗೆಯನ್ನು ತೊಳೆದು, ಬಿಸಿಲು ಕಾಣದ ಊರಾದ್ದರಿಂದ ಅಡಕೆ ಒಣಗಿಸುವ ಒಲೆಯ ಬದಿಯಲ್ಲಿ ಒಣಗಿಸಿ, ಎರಡು ಬಾರಿ ವಾರ್ನಿಷು ಬಳಿದೆ.

ಇಂಥ ನಾಯಿ ಆಕಾಶಕ್ಕೂ ಹೋಗಿದೆ. ೧೯೯೭ರ ಜುಲೈ ೪ರಂದು ಮಂಗಳಗ್ರಹದಲ್ಲಿಳಿದ ಅಮೆರಿಕದ ಪಾಥ್‌ಫೈಂಡರ್ ನೌಕೆಯ ಗಣಕ ಕೆಲದಿನಗಳಲ್ಲಿ ಮತ್ತೆ ಮತ್ತೆ ತಾನಾಗಿ ಹೊಸದಾಗಿ ಆರಂಭಗೊಳ್ಳತೊಡಗಿತು. ಅದರೊಳಗಿನ ಕಾವಲು ವ್ಯವಸ್ಥೆಯೇ ಅದನ್ನು ಎಬ್ಬಿಸುತ್ತಿತ್ತು. ಹವಾಮಾನದ ಅಂಕಿಗಳನ್ನು ಕೂಡಿಸುವ ಕೆಳದರ್ಜೆಯ ಕೆಲಸವೊಂದು ಹಿಡಿದಿಟ್ಟುಕೊಂಡ ಸಾಮಗ್ರಿಗಾಗಿ ಮೇಲ್ದರ್ಜೆಯ ಕೆಲಸ ಕಾದು ಕುಳಿತಿತ್ತು. ನಡುದರ್ಜೆಯದು ಬಂದು ಇಬ್ಬರಿಗೂ ಅಡ್ಡನಿಂತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿಕೃತಿಯಲ್ಲಿ ಅದೇ ದೋಷವನ್ನು ಮರುಕಳಿಸಿ ನೋಡಿ, ತಿದ್ದುಪಡಿಯನ್ನು ಮಂಗಳಕ್ಕೆ ಕಳುಹಿಸಿದರು. ಅಲ್ಲಿಯೂ ತೊಡಕು ತಂದದ್ದು ಹವಾಮಾನದ ಲೆಕ್ಕವೇ ಎಂದು ತಿಳಿದಾಗ ನನಗೆ ಸಣ್ಣ ಸಮಾಧಾನವಾಯಿತೆಂಬುದನ್ನು ಮುಚ್ಚಿಡಲಾರೆ.

ಕಡಿತವನ್ನು ಗುಟ್ಟಾಗಿಡಬಾರದೆಂದು ಯಂತ್ರವು ಎದ್ದಾಗಲೆಲ್ಲ ಸ್ಮೃತಿಯಲ್ಲಿ ಒಂದು ಗೆರೆ ಬರೆದುಕೊಳ್ಳುವಂತೆ ಮಾಡಿದ್ದೇನೆ. ಮಳೆಯ ಲೆಕ್ಕದ ಜೊತೆಗೆ ಆ ಎಣಿಕೆಯೂ ಯಜಮಾನರಿಗೆ ಹೋಗುತ್ತದೆ. ಈಚಿನ ಪುಷ್ಯ ಮಳೆಯಲ್ಲಿ ನಾಲ್ಕು ಗೆರೆಗಳು ಬಿದ್ದವು, ಲೆಕ್ಕ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಮೂರು ಗೆರೆ ಮೋಡೆಮಿನ ಮೌನಕ್ಕೆ ಸಲ್ಲತಕ್ಕವು. ನಾಲ್ಕನೆಯದು ಮಳೆಯೇ ಇಲ್ಲದ ಒಂದು ಮಧ್ಯಾಹ್ನದ್ದು. ಅದಕ್ಕಾಗಿ ಬರುವ ಭಾನುವಾರ ಮತ್ತೆ ತೋಟಕ್ಕೆ ಇಳಿಯಬೇಕಾಗಿದೆ.