ಸಮುದಾಯ ಭವನ: ಯಾರ ಸಮುದಾಯ, ಸ್ವಾಮಿ?

ಆಷಾಢ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸಮುದಾಯ ಭವನಗಳಿಗೆ ಬೀಗ. ಧನುರ್ಮಾಸದಲ್ಲೂ ಅದೇ ಕತೆ. ಮದುವೆ ಇಲ್ಲ, ಬಾಡಿಗೆ ಇಲ್ಲ, ಕುರ್ಚಿಗಳ ಮೇಲೆ ಧೂಳು. ಮೆರವಣಿಗೆಯಲ್ಲಿ ಕ್ಲಾರಿಯೋನೆಟ್, ಟ್ರಂಪೆಟ್ ಊದುವ ಬ್ಯಾಂಡ್‌ಸೆಟ್ಟಿನವರಿಗೂ ಆಗ ಕೆಲಸ ಇಲ್ಲ. ಇತ್ತ ಖಾಲಿ ಭವನ, ಅತ್ತ ಖಾಲಿ ಕೂತ ವಾದ್ಯಗಾರರು. ಎರಡನ್ನೂ ಕೂಡಿಸುವ ಬುದ್ಧಿ ಮಾತ್ರ ಆಡಳಿತ ಮಂಡಳಿಗಳಿಗೆ ಬಂದಂತಿಲ್ಲ.

ಇವೇ ವಾದ್ಯಗಳು ಅಮೆರಿಕದಲ್ಲಿ ಏನು ಮಾಡಿದವು ಗೊತ್ತೆ? ನ್ಯೂಯಾರ್ಕಿನ ಹಾರ್ಲೆಮ್ ಎಂಬುದು ಕಪ್ಪು ಜನರ ಬಡಾವಣೆ. 1926ರಲ್ಲಿ ಅಲ್ಲಿ ಸವಾಯ್ ಎಂಬ ನೃತ್ಯಶಾಲೆ ತೆರೆಯಿತು. ಸ್ಯಾಕ್ಸೋಫೋನು, ಟ್ರಂಪೆಟ್ಟು, ಚಿಕ್ ವೆಬ್ ಎಂಬಾತನ ಡ್ರಮ್ಮು. ಆ ಜಾಝ್ ಸಂಗೀತಕ್ಕೆ ಸ್ವಿಂಗ್ ಎಂದು ಹೆಸರು, ಕುಣಿತಕ್ಕೆ ಲಿಂಡಿ ಹಾಪ್. ಅದೇ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ಕಪ್ಪು ಜನ ವೇದಿಕೆ ಮೇಲೆ ಕುಣಿಯಬಹುದಿತ್ತು, ಗಿರಾಕಿಗಳಾಗಿ ಕೂರುವಂತಿರಲಿಲ್ಲ. ಸವಾಯ್‌ನಲ್ಲಿ ಹಾಗಲ್ಲ, ಕಪ್ಪು ಬಿಳಿ ಇಬ್ಬರೂ ಒಂದೇ ನೆಲದ ಮೇಲೆ ಜೊತೆಗೆ ಕುಣಿದರು. 1958ರಲ್ಲಿ ಅದು ಮುಚ್ಚಿತು, ಕುಣಿತ ಉಳಿಯಿತು. ಇಂದಿಗೂ ಎಷ್ಟೋ ದೇಶಗಳಲ್ಲಿ ಬಡಾವಣೆಯ ಸಭಾಂಗಣಗಳಲ್ಲಿ ಸ್ವಿಂಗ್ ಸಂಜೆಗಳು ನಡೆಯುತ್ತವೆ. ಬೆಂಗಳೂರಿನಲ್ಲೂ ಕಲಿಯುವವರಿದ್ದಾರೆ.

ಕಾಟನ್ ಕ್ಲಬ್ಬಿನ ಕತೆ ಕೇಳಿ ಯಾರೂ ನಗಬೇಕಾಗಿಲ್ಲ. ನಮ್ಮ ಮದುವೆಗಳಲ್ಲಿ ಊದುವವರು ಯಾವ ಪಂಕ್ತಿಯಲ್ಲಿ ಉಣ್ಣುತ್ತಾರೆ ಅಂತ ಕೇಳಿಕೊಂಡರೆ ಸಾಕು.

ಈ ತೆಂಗಿನ ಸೀಮೆಯಲ್ಲಿ 'ಸಮುದಾಯ' ಅಂದರೆ ಏನು? ಫಲಕ ಓದಿದರೆ ಗೊತ್ತಾಗುತ್ತೆ. ಒಂದೊಂದು ಜಾತಿಗೆ ಒಂದೊಂದು ಭವನ. ಎಷ್ಟೋ ಭವನಗಳಿಗೆ ಸರ್ಕಾರದ ಅನುದಾನ ಸೇರಿದೆ, ಅಂದರೆ ಎಲ್ಲರ ತೆರಿಗೆ. ಕೊಬ್ಬರಿ ಕೊಳ್ಳುವವನು ತೂಕ ನೋಡ್ತಾನೆ, ಗುಣಮಟ್ಟ ನೋಡ್ತಾನೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು, ಪಕ್ಕದಲ್ಲಿ ಯಾರಿದ್ದರೇನು? ಭವನದ ಬಾಗಿಲಲ್ಲಿ ಮಾತ್ರ 'ನೀವು ಯಾರ ಪೈಕಿ?' ಅನ್ನೋ ಪ್ರಶ್ನೆ.

ಕುಣಿತ ಈ ನೆಲಕ್ಕೆ ಹೊಸದಲ್ಲ. ಸೋಮನ ಕುಣಿತ ಉಂಟು, ವೀರಗಾಸೆ ಉಂಟು, ಕೋಲಾಟ ಉಂಟು. ಕೋಲಾಟದಲ್ಲಿ ಎದುರಿಗೆ ಬಂದವನ ಕೋಲಿಗೆ ಕೋಲು ಕೊಡಲೇಬೇಕು; ಲಿಂಡಿ ಹಾಪ್ ಕೂಟದಲ್ಲೂ ಹಾಡಿಗೊಬ್ಬ ಜೊತೆಗಾರ. ವಾದ್ಯವೂ ಪರಕೀಯವಲ್ಲ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿ 2004ರಲ್ಲಿ ಪದ್ಮಶ್ರೀ ಪಡೆದರು.

'ಗಂಡು ಹೆಣ್ಣು ಕೈ ಹಿಡ್ಕೊಂಡು ಕುಣಿಯೋದಾ?' ಅಂತ ಹುಬ್ಬೇರಿಸುವ ದೊಡ್ಡ ಮನುಷ್ಯರಿದ್ದಾರೆ. ಬೇಡವಾದರೆ ಕೋಲು ಹಿಡಿಯಲಿ, ಬಲವಂತ ಯಾರದ್ದೂ ಇಲ್ಲ. ಆದರೆ ಮೆರವಣಿಗೆಯಲ್ಲಿ ಡಿಜೆ ಮುಂದೆ ಕುಡಿದು ಬೀಳುವವರನ್ನು ಕಂಡಾಗ ಏರದ ಹುಬ್ಬು ಈಗ ಯಾಕೆ ಏರಬೇಕು?

ಮಾಡಬೇಕಾದ್ದು ಇಷ್ಟೆ. ತಿಂಗಳಿಗೊಂದು ಭಾನುವಾರ ಸಂಜೆ ಆರಕ್ಕೆ ಶುರು, ಎಂಟೂವರೆಗೆ ಮುಕ್ತಾಯ. ಹಳ್ಳಿಯವರಿಗೆ ಕಡೇ ಬಸ್ಸು ತಪ್ಪಬಾರದು. ಹತ್ತಿಪ್ಪತ್ತು ರೂಪಾಯಿ ಟಿಕೆಟ್. ಡಿಜೆ ಬೇಡ, ಊರಿನ ಬ್ಯಾಂಡ್‌ಸೆಟ್ಟೇ ಆಗಲಿ, ಅವರಿಗೆ ನ್ಯಾಯವಾದ ಕೂಲಿ ಸಿಗಲಿ. ಕುಡಿದು ಬಂದವನಿಗೆ ಪ್ರವೇಶ ಇಲ್ಲ. ಜಾತಿ ಕೇಳುವವನಿಗೂ ಇಲ್ಲ.

ಸರ್ಕಾರದ ಕಾಸು ತಿಂದ ಭವನಗಳು ಮೊದಲು ಬೀಗ ತೆಗೆಯಲಿ. ತೆಗೆದವರಿಗೆ 'ಸಮುದಾಯ' ಎಂಬ ಹೆಸರು ಒಪ್ಪುತ್ತೆ. ಉಳಿದವರು ಫಲಕ ಬದಲಿಸಿಕೊಳ್ಳಲಿ.