ಸಂಕೋಚದ ಬೆಲೆಯನ್ನು ಹೆಣ್ಣುಮಕ್ಕಳು ತೆರಬೇಕೇ?

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಉಚಿತ ವೈದ್ಯಕೀಯ ತಪಾಸಣಾ ಶಿಬಿರ ಏರ್ಪಡಿಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಎಲ್ಲವನ್ನೂ ನೋಡುತ್ತಾರೆ. ಆದರೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಮಾತೆತ್ತಿದರೆ ಕಾರ್ಯಕಾರಿ ಸಮಿತಿಯ ಸಭೆ ಮೌನವಾಗುತ್ತದೆ. "ಅದೆಲ್ಲ ಮರ್ಯಾದಸ್ಥರಿಗೆ ಯಾಕೆ?" ಎಂದು ಹಿರಿಯರೊಬ್ಬರು ವಿಷಯ ಮುಗಿಸುತ್ತಾರೆ. ಮಗಳ ಮದುವೆಗೆಂದು ಇಟ್ಟ ಠೇವಣಿಯನ್ನು ಹೆಂಡತಿಯ ಚಿಕಿತ್ಸೆಗಾಗಿ ಅವಧಿಗೆ ಮುನ್ನ ಮುರಿಸಲು ಬಂದವರನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕಂಡವನಿಗೆ ಈ ಮೌನದ ಬೆಲೆ ಗೊತ್ತು.

ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಈ ಕ್ಯಾನ್ಸರ್ ತಗಲುತ್ತದೆ. ಬಹುತೇಕ ಪ್ರಕರಣಗಳಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ ನಿಜ. ಆದರೆ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುವಷ್ಟು ಇದು ಸಾಮಾನ್ಯ. ಒಬ್ಬನೇ ಸಂಗಾತಿಯಿರುವ ಗೃಹಿಣಿಗೂ ಬರಬಹುದು. ಆದ್ದರಿಂದ ಇದು ಯಾರ ನಡತೆಯ ಪ್ರಮಾಣಪತ್ರವೂ ಅಲ್ಲ.

ಹೆಚ್ಚಿನ ಸೋಂಕು ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ, ಅದರಲ್ಲೂ 16 ಮತ್ತು 18ನೇ ಬಗೆಯದಾದರೆ, 15-20 ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಅದು ತರುವ ನರಹುಲಿಗೂ, ಕ್ಯಾನ್ಸರ್‌ಗೆ ಮುನ್ನ ಕಾಣುವ ಬದಲಾವಣೆಗೂ ಒಳ್ಳೆಯ ಚಿಕಿತ್ಸೆ ಇದೆ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯದು.

ತಡೆಗೆ ಮುಖ್ಯ ದಾರಿ ಲಸಿಕೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಿತು. ಈಗಾಗಲೇ ತಗಲಿದ ಸೋಂಕನ್ನು ಲಸಿಕೆ ಗುಣಪಡಿಸದು. ಹಾಗಾಗಿ 9ರಿಂದ 14ನೇ ವಯಸ್ಸಿನೊಳಗೆ ಕೊಡಿಸುವುದು ಉತ್ತಮ. ಎಷ್ಟು ಡೋಸ್ ಎಂಬುದನ್ನು ವೈದ್ಯರು ಹೇಳುತ್ತಾರೆ. "ಇಷ್ಟು ಚಿಕ್ಕ ಹುಡುಗಿಗೇಕೆ?" ಎನ್ನುವ ತಾಯಂದಿರು ನೆನಪಿಡಲಿ, ಕೊಡೆ ಬಿಚ್ಚಬೇಕಾದದ್ದು ಮಳೆಗೆ ಮುನ್ನ. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು.

ಮೂವತ್ತು ದಾಟಿದ ಮಹಿಳೆಯರಿಗೆ ತಪಾಸಣೆಯೇ ರಕ್ಷಣೆ. ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಇದೇ ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ಅಧ್ಯಯನ ನಡೆಸಿದರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ವಿನೆಗರ್‌ನಂಥ ದ್ರಾವಣ ಹಚ್ಚಿ ಪರೀಕ್ಷಿಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಗಿತ್ತೆಂದು 2013ರಲ್ಲಿ ಪ್ರಕಟವಾಯಿತು.

ನಮ್ಮೂರಿನಲ್ಲೇ ಸಾಧ್ಯವಾದದ್ದು ನಮ್ಮ ಸಭಾಗೃಹಗಳಲ್ಲಿ ಏಕೆ ಆಗಬಾರದು? ಅರಶಿನ ಕುಂಕುಮ ಕಾರ್ಯಕ್ರಮದ ದಿನ ಮಹಿಳಾ ವಿಭಾಗದವರು ಒಬ್ಬ ವೈದ್ಯೆಯನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಲಿ. ಮುಂದಿನ ಶಿಬಿರದಲ್ಲಿ ಪರದೆಯ ಮರೆಯಲ್ಲಿ ಈ ತಪಾಸಣೆಗೊಂದು ಮೇಜು ಇರಲಿ. ಸನ್ಮಾನದ ಶಾಲು, ಹಾರಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಬಡ ಕುಟುಂಬದ ಕೆಲವು ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಬಹುದು. ಪದಾಧಿಕಾರಿಗಳು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುವರೆಂದು ಆಶಿಸೋಣ.